ಚಹಾ ಕಪ್ಪಿನ ಮೆರುಗು: ನೋಡಿ ಕೊಳ್ಳುವುದು ಹೇಗೆ?



ಅಕ್ಕಿ, ಬೇಳೆ, ಕಾಫಿ ಬೀಜ ಕೊಳ್ಳುವಾಗ ನಾವು ಕೈಯಲ್ಲಿ ಹಿಡಿದು, ಮೂಸಿ, ಹಲ್ಲಿಗೆ ಹಾಕಿ ಕಚ್ಚಿ ನೋಡುತ್ತೇವೆ. ಕಪ್ ಕೊಳ್ಳುವಾಗ ಮಾತ್ರ ಬಣ್ಣ ನೋಡುತ್ತೇವೆ, ಡಜನ್‌ಗೆ ಎಷ್ಟು ಎಂದು ಕೇಳುತ್ತೇವೆ, ಕಟ್ಟಿಸಿಕೊಂಡು ಬರುತ್ತೇವೆ. ನಾನೂ ಹಾಗೆ ಮಾಡಿ ಪೆಟ್ಟು ತಿಂದವನೇ. ಆ ಪೆಟ್ಟಿನಿಂದ ಕಲಿತ ನಾಲ್ಕು ಮಾತು ನಿಮಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಲಕ್ಷ್ಮೀ ನಗರದ ನನ್ನ ಹೋಟೆಲಿಗೆ ಬರುವವರಲ್ಲಿ ಹೆಚ್ಚಿನವರು ಸಿ.ಎ. ಕೋಚಿಂಗಿಗೆ ಬರುವ ಹುಡುಗ ಹುಡುಗಿಯರು. ಅವರಿಗೆ ಇಷ್ಟವಾಗಲಿ ಎಂದು ಎರಡು ವರ್ಷದ ಹಿಂದೆ ಒಂದು ಸಗಟು ಅಂಗಡಿಯಿಂದ ‘ಜಪಾನ್ ಮಾದರಿ’ ಕಪ್ಪುಗಳನ್ನು 12 ಡಜನ್ ತಂದೆ. ಹೊರಗೆ ನೀಲಿ, ಒಳಗೆ ಹಳದಿ ಕೆಂಪು ಹೂವು, ಅಂಚು ಸ್ವಲ್ಪ ಸೊಟ್ಟ. ಕೈಯಲ್ಲಿ ಮಾಡಿದ್ದು ಎಂದು ಅಂಗಡಿಯವನು ಹೇಳಿದ. ಮೊದಲ ವಾರ ಹುಡುಗರೆಲ್ಲ ಫೋಟೋ ತೆಗೆದದ್ದೇ ತೆಗೆದದ್ದು. ತಿಂಗಳು ಕಳೆಯುವುದರೊಳಗೆ ಒಬ್ಬ ಹುಡುಗಿ ಕೌಂಟರಿಗೆ ಕಪ್ ತಂದಿಟ್ಟು, “ಅಂಕಲ್ ಜೀ, ಇದರಲ್ಲಿ ಕೂದಲಿದೆ” ಎಂದಳು.

ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದೆ. ಅದು ಕೂದಲಲ್ಲ. ಮೆರುಗು ಕೂದಲಿನಷ್ಟು ಸಣ್ಣಗೆ ಸೀಳಿ, ಆ ಸೀಳಿನಲ್ಲಿ ಚಹಾ ಇಳಿದು ಕಂದು ಗೆರೆಯಾಗಿತ್ತು. ಉಳಿದ ಕಪ್ಪುಗಳನ್ನು ತೆಗೆದು ನೋಡಿದರೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಜೇಡರ ಬಲೆಯಂತೆ ಗೆರೆಗಳು. ರಾತ್ರಿ ಒಂದು ಕಪ್ಪಿಗೆ ಬಿಸಿನೀರು ತುಂಬಿ ಹಳೆಯ ಪೇಪರಿನ ಮೇಲೆ ಇಟ್ಟೆ. ಬೆಳಿಗ್ಗೆ ಪೇಪರಿನ ಮೇಲೆ ಕಂದು ಬಣ್ಣದ ಒದ್ದೆ ಉಂಗುರ. ಅಂದರೆ ಒಬ್ಬರು ಕುಡಿದ ಚಹಾ ಕಪ್ಪಿನ ಮಣ್ಣಿನೊಳಗೆ ಕುಳಿತು, ಮರುದಿನ ಇನ್ನೊಬ್ಬರ ಎದುರು ಹೋಗುತ್ತಿತ್ತು. ನಾವು ಎಷ್ಟು ತೊಳೆದರೂ ಅಷ್ಟೇ.

ಅಲ್ಲಿಂದ ಈ ಮೆರುಗು ಎಂದರೆ ಏನು ಎಂದು ವಿಚಾರಿಸುತ್ತಾ ಹೋದೆ.

ಮೆರುಗು ಬಣ್ಣವಲ್ಲ, ಗಾಜು

ದಿಲ್ಲಿಯಲ್ಲಿ ಕುಲ್ಹಡ್ ಎಲ್ಲರಿಗೂ ಗೊತ್ತು. ಉತ್ತಮ್ ನಗರದ ಕುಂಬಾರ ಕಾಲೋನಿಯಲ್ಲಿ ಇಂದಿಗೂ ತಿಗರಿಯ ಮೇಲೆ ಮಾಡುತ್ತಾರೆ. 2004ರಲ್ಲಿ ರೈಲ್ವೆ ಮಂತ್ರಿಗಳಾಗಿದ್ದ ಲಾಲು ಪ್ರಸಾದ್ ಅವರು ರೈಲಿನ ಚಹಾಕ್ಕೆ ಕುಲ್ಹಡ್ ತಂದದ್ದು ನಿಮಗೆ ನೆನಪಿರಬಹುದು. ಕುಲ್ಹಡ್‌ಗೆ ಮೆರುಗಿಲ್ಲ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳು ಹಾಗೇ ತೆರೆದಿರುತ್ತವೆ, ಚಹಾ ಹೀರುತ್ತವೆ. ಆದ್ದರಿಂದಲೇ ಒಮ್ಮೆ ಕುಡಿದು ಒಡೆದು ಹಾಕುವ ಪದ್ಧತಿ. ಹಿರಿಯರು ಅದನ್ನು ಮಡಿ ಎಂದರು. ಲೆಕ್ಕ ಹಾಕಿದರೆ ಅದು ಆರೋಗ್ಯದ ನಿಯಮವೂ ಹೌದು.

ಅದೇ ಮಣ್ಣಿನ ಜಾತಿಯದೇ ಆದ ನಮ್ಮ ಮನೆಯ ಉಪ್ಪಿನಕಾಯಿ ಭರಣಿಯನ್ನು ನೋಡಿ. ಮೇಲೆ ಕಂದು, ಕೆಳಗೆ ಬಿಳಿ. ವರ್ಷಗಟ್ಟಲೆ ಉಪ್ಪು, ಹುಳಿ, ಎಣ್ಣೆ ಕುಳಿತರೂ ಅದಕ್ಕೆ ಏನೂ ಆಗುವುದಿಲ್ಲ, ತೊಳೆದರೆ ವಾಸನೆಯೂ ಉಳಿಯುವುದಿಲ್ಲ. ಕಾರಣ ಎರಡು. ಒಂದು, ಅದನ್ನು ಬಹಳ ಹೆಚ್ಚು ಶಾಖದಲ್ಲಿ ಸುಟ್ಟು ಮಣ್ಣೇ ಕಲ್ಲಿನಂತೆ ಬಿಗಿದಿರುತ್ತದೆ. ಎರಡು, ಮೇಲಿನ ಮೆರುಗು ಮಣ್ಣಿನೊಂದಿಗೆ ಒಂದಾಗಿ ಅಂಟಿದ ಗಾಜಿನ ಪದರ.

ಇಂಗ್ಲಿಷಿನವರು ಗ್ಲೇಜ್ ಎನ್ನುವುದು ಈ ಗಾಜಿನ ಪದರಕ್ಕೆ. ಅದರಲ್ಲಿ ಮುಖ್ಯವಾಗಿ ಮೂರು ಅಂಶ. ಗಾಜಾಗುವುದು ಸಿಲಿಕಾ, ಅಂದರೆ ಮರಳಿನ ಸತ್ವ. ಕರಗಿದ ಗಾಜು ಕಪ್ಪಿನ ಮೈಯಿಂದ ಜಾರಿ ಇಳಿಯದಂತೆ ಹಿಡಿದಿಡುವುದು ಅಲ್ಯುಮಿನಾ, ಅದು ಜೇಡಿಮಣ್ಣಿನಿಂದ ಬರುತ್ತದೆ. ಸಿಲಿಕಾ ಸುಮ್ಮನೆ ಕರಗುವುದಿಲ್ಲ, ಅದಕ್ಕೆ 1700 ಡಿಗ್ರಿ ಶಾಖ ಬೇಕು. ಆದ್ದರಿಂದ ಬೇಗ ಕರಗಿಸಲು ಮೂರನೆಯ ವಸ್ತು ಬೇಕು: ಬೂದಿ, ಸುಣ್ಣಕಲ್ಲು, ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿ, ಅಥವಾ ಸೀಸ. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ವಿಷಯ ಬರುತ್ತದೆ.

ಜಪಾನಿನ ವಿದ್ಯೆ ದಿಲ್ಲಿಗೆ ಬಂದದ್ದು

ಕೈಯಲ್ಲಿ ಮಾಡಿದ ಜಪಾನಿನ ಚಹಾ ಕಪ್ಪಿಗೆ ಪ್ರಪಂಚದಲ್ಲೇ ಹೆಸರಿದೆ. ಆ ವಿದ್ಯೆಗೂ ನಮ್ಮ ದಿಲ್ಲಿಗೂ ನೂರು ವರ್ಷದ ನಂಟಿದೆ ಎಂಬುದು ನನಗೆ ತಿಳಿದಿರಲಿಲ್ಲ.

ಸರ್ದಾರ್ ಗುರುಚರಣ್ ಸಿಂಗ್ ಎಂಬವರು ಜಮ್ಮುವಿನಲ್ಲಿ ಭೂಗರ್ಭಶಾಸ್ತ್ರ ಓದಿ, ದಿಲ್ಲಿಯ ಒಂದು ಕುಂಬಾರಿಕೆ ಕಾರ್ಖಾನೆಗೆ ಸೇರಿದರು. ಇಲ್ಲಿ ಪಠಾಣ ಕುಂಬಾರರು ನೀಲಿ ಮೆರುಗಿನ ಕೆಲಸ ಮಾಡುತ್ತಿದ್ದರು. ಹುಮಾಯೂನ್ ಗೋರಿಯ ಹತ್ತಿರದ ನೀಲಾ ಗುಂಬದ್ ನೋಡಿದವರಿಗೆ ಆ ನೀಲಿ ಹೆಂಚಿನ ಪರಂಪರೆ ಎಷ್ಟು ಹಳೆಯದು ಎಂದು ಗೊತ್ತು. ಗುರುಚರಣ್ ಸಿಂಗ್ 1919ರಲ್ಲಿ ಜಪಾನಿಗೆ ಹೋಗಿ ಟೋಕಿಯೋದಲ್ಲಿ ಕುಂಬಾರಿಕೆಯ ತಾಂತ್ರಿಕ ಶಿಕ್ಷಣ ಪಡೆದರು. ಅಲ್ಲಿ ಅವರಿಗೆ ಯಾನಾಗಿ ಸೋಯೆತ್ಸು, ಹಮಾದಾ ಶೋಜಿ, ಕವಾಯಿ ಕಾಂಜಿರೊ, ಇಂಗ್ಲೆಂಡಿನ ಬರ್ನಾರ್ಡ್ ಲೀಚ್ ಇಂಥವರ ಪರಿಚಯವಾಯಿತು. ಮುಂದೆ ಇವರೆಲ್ಲ ಆ ಕಲೆಯ ದೊಡ್ಡ ಹೆಸರುಗಳಾದರು. ದಿನಬಳಕೆಯ ಪಾತ್ರೆಯಲ್ಲೇ ನಿಜವಾದ ಅಂದ ಇದೆ, ಬಳಕೆಗೆ ಬಾರದ ಅಂದ ಅಂದವಲ್ಲ ಎಂಬುದು ಯಾನಾಗಿಯವರ ವಾದ.

ಗುರುಚರಣ್ ಸಿಂಗ್ ವಾಪಸು ಬಂದು ಬಹಳ ವರ್ಷ ಸರ್ಕಾರಿ ಕೆಲಸ ಮಾಡಿ, 1952ರಲ್ಲಿ ದಿಲ್ಲಿಯಲ್ಲಿ ತಮ್ಮದೇ ‘ದೆಹಲಿ ಬ್ಲೂ’ ಕುಂಬಾರಿಕೆ ಆರಂಭಿಸಿದರು. ಮಾಡಿದ್ದು ಷೋಕೇಸಿನ ಗೊಂಬೆಗಳನ್ನಲ್ಲ. ಹೂಜಿ, ಜಗ್, ಮಗ್, ಚಹಾ ಪಾತ್ರೆಗಳನ್ನು. ಪಠಾಣರ ನೀಲಿ ಮತ್ತು ಜಪಾನಿನ ಗಟ್ಟಿ ಮಣ್ಣಿನ ವಿದ್ಯೆ ಎರಡನ್ನೂ ತಿಳಿದವರು ಅವರು. ಇಲ್ಲಿ ಕಲಿತ ನೂರಾರು ಮಂದಿ ಮುಂದೆ ದೇಶದ ಬೇರೆ ಬೇರೆ ಕಡೆ ಆವಿಗೆ ಹಾಕಿದರು. ಅವರಿಗೆ 1991ರಲ್ಲಿ ಪದ್ಮಶ್ರೀ ಬಂತು, 1995ರಲ್ಲಿ ತೀರಿಕೊಂಡರು. ಅವರ ಮಗ ಮನ್‌ಸಿಮ್ರನ್ ಸಿಂಗ್ ಹಿಮಾಚಲದ ಆಂದ್ರೆಟ್ಟಾದಲ್ಲಿ ಕುಂಬಾರಿಕೆ ಕಟ್ಟಿ ಬೆಳೆಸಿದರು.

ಉಮಿಯ ಬೂದಿಯಿಂದ ಬಿಳಿ ಮೆರುಗು

ಹಮಾದಾ ಅವರು ನೆಲೆ ನಿಂತದ್ದು ಜಪಾನಿನ ಮಾಶಿಕೋ ಎಂಬ ಊರಿನಲ್ಲಿ. ಅಡುಗೆ ಮನೆಯ ಜಾಡಿ, ನೀರಿನ ಪಾತ್ರೆ ಮಾಡುವ ಕುಂಬಾರರ ಊರು ಅದು. ಅಲ್ಲಿನ ಸಾಂಪ್ರದಾಯಿಕ ಮೆರುಗುಗಳ ಪೈಕಿ ಒಂದರ ಹೆಸರು ‘ನುಕಾ’. ಅದನ್ನು ಮಾಡುವುದು ಭತ್ತದ ಉಮಿಯ ಬೂದಿಯಿಂದ. ನಮ್ಮ ಊರಿನಲ್ಲಿ ಅಕ್ಕಿ ಮಿಲ್ಲಿನ ಹಿಂದೆ ಗುಡ್ಡೆ ಬೀಳುವ ಅದೇ ಉಮಿ. ಅದರ ಬೂದಿಯಲ್ಲಿ ಬಹುಪಾಲು ಸಿಲಿಕಾ. ಅದಕ್ಕೆ ಕಟ್ಟಿಗೆಯ ಬೂದಿ ಮತ್ತು ಕಲ್ಲಿನ ಪುಡಿ ಸೇರಿಸಿ ನೀರಿನಲ್ಲಿ ಕಲಸಿ, ಕಪ್ಪನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ದೋಸೆ ಹಿಟ್ಟಿನ ಹದಕ್ಕಿಂತ ಸ್ವಲ್ಪ ತೆಳುವು ಎಂದು ಇಟ್ಟುಕೊಳ್ಳಿ. ಒಣಗಿದ ಮೇಲೆ ಆವಿಗೆಯಲ್ಲಿ 1200 ಡಿಗ್ರಿಗೂ ಮೇಲೆ ಸುಡುತ್ತಾರೆ. ಬೂದಿ ಕರಗಿ ಗಂಜಿಯ ಕೆನೆಯಂಥ ಬಿಳಿ ಗಾಜಾಗುತ್ತದೆ. ಅದಕ್ಕೆ ಸ್ವಲ್ಪ ತಾಮ್ರ ಸೇರಿಸಿದರೆ ಹಸಿರು. ಕಬ್ಬಿಣದ ಅಂಶ ಇರುವ ಕಲ್ಲಿನ ಪುಡಿ ಹಚ್ಚಿದರೆ ಕಂದುಗೆಂಪು, ಅದನ್ನು ಹಣ್ಣಿನ ಹೆಸರಿನಿಂದ ‘ಕಾಕಿ’ ಎನ್ನುತ್ತಾರೆ.

ಇಲ್ಲಿ ನಾವು ತಿಳಿಯಬೇಕಾದದ್ದು ಒಂದೇ. ಈ ಮೆರುಗು ಕರಗುವುದು ಶಾಖದಿಂದ, ಸೀಸದಿಂದಲ್ಲ. ಕುಂಬಾರ ಸೌದೆಗೆ, ಸಮಯಕ್ಕೆ ಖರ್ಚು ಮಾಡಿದ್ದಾನೆ. ಆ ಖರ್ಚು ಉಳಿಸಲು ಹೋದವನು ಏನು ಮಾಡುತ್ತಾನೆ ಎಂಬುದೇ ನಮ್ಮ ಚಿಂತೆ.

ಅವರಿಗೆ ಅಂದ, ನಮಗೆ ತೊಂದರೆ

ಈಗ ನನ್ನ ಕಪ್ಪಿನ ಕೂದಲಿನ ವಿಷಯಕ್ಕೆ ಬರುತ್ತೇನೆ. ಆವಿಗೆಯಿಂದ ಇಳಿದ ಕಪ್ ತಣಿಯುವಾಗ ಮಣ್ಣೂ ಕುಗ್ಗುತ್ತದೆ, ಗಾಜೂ ಕುಗ್ಗುತ್ತದೆ. ಗಾಜು ಹೆಚ್ಚು ಕುಗ್ಗಿದರೆ ಮಣ್ಣಿನ ಮೈ ಮುಚ್ಚಲು ಸಾಲದೆ ಸೀಳುತ್ತದೆ. ಇದು ಆವಿಗೆಯಲ್ಲೇ ಆಗಬಹುದು, ತಿಂಗಳು ಕಳೆದ ಮೇಲೂ ಆಗಬಹುದು.

ಜಪಾನಿನಲ್ಲಿ ಹಾಗಿ ಎಂಬ ಊರಿನ ಚಹಾ ಬಟ್ಟಲುಗಳಿಗೆ ಈ ಸೀಳೇ ಕೀರ್ತಿ ತಂದಿದೆ. ವರ್ಷಗಳ ಕಾಲ ಚಹಾ ಸೀಳಿನೊಳಗೆ ಇಳಿದು ಬಟ್ಟಲಿನ ಬಣ್ಣ ಮೆಲ್ಲಗೆ ಬದಲಾಗುತ್ತದೆ. ಅದಕ್ಕೆ ‘ಹಾಗಿಯ ಏಳು ವೇಷ’ ಎಂದು ಹೆಸರು ಕೊಟ್ಟು ಹೆಮ್ಮೆ ಪಡುತ್ತಾರೆ. ಅದು ತಪ್ಪಲ್ಲ. ಆ ಬಟ್ಟಲು ಒಬ್ಬ ಯಜಮಾನನದು. ಅವರ ಚಹಾದಲ್ಲಿ ಹಾಲಿಲ್ಲ, ಸಕ್ಕರೆಯಿಲ್ಲ. ಬಳಸಿ ತೊಳೆದು ದಿನಗಟ್ಟಲೆ ಒಣಗಿಸುತ್ತಾರೆ.

ನಮ್ಮಲ್ಲಿ ಒಂದು ಕಪ್ ದಿನಕ್ಕೆ 15-20 ಸಲ ಮೇಜಿಗೆ ಹೋಗುತ್ತದೆ. ಹಾಲು, ಸಕ್ಕರೆ, ಏಲಕ್ಕಿ, ಶುಂಠಿ ಎಲ್ಲ ಇರುತ್ತದೆ. ಒಣಗಲು ಹೊತ್ತೇ ಇಲ್ಲ. ಹಾಲು ಇಳಿದ ಸೀಳು ಕೊಳೆಯದೆ ಇರುತ್ತದೆಯೇ? ಆದ್ದರಿಂದ ಅಲಂಕಾರದ ಅಂಗಡಿಯಲ್ಲಿ “ಈ ಗೆರೆಗಳೇ ಕೈಕೆಲಸದ ಗುರುತು, ಸಾರ್” ಎಂದರೆ ತಲೆಯಾಡಿಸಿ ಹೊರಗೆ ಬನ್ನಿ. ಆ ಮಾತು ಸುಳ್ಳಲ್ಲ, ಆದರೆ ನಮ್ಮ ಕೆಲಸಕ್ಕಲ್ಲ.

ಹಿಡಿಕೆಯ ವಿಷಯವೂ ಹಾಗೆಯೇ. ಅವರ ದಿನಬಳಕೆಯ ಕಪ್ ‘ಯುನೋಮಿ’ಗೆ ಹಿಡಿಕೆ ಇಲ್ಲ. ಅವರ ಹಸಿರು ಚಹಾಕ್ಕೆ ಸಾಮಾನ್ಯವಾಗಿ 70-80 ಡಿಗ್ರಿಯ ನೀರು. ಕೈಗೆ ಹಿತವಾದರೆ ಬಾಯಿಗೂ ಹಿತ. ನಮ್ಮ ಚಹಾ ಒಲೆಯ ಮೇಲೆ ಕುದಿದು ನೇರ ಕಪ್ಪಿಗೆ ಬೀಳುತ್ತದೆ. ಲೋಟಕ್ಕೆ ಬಟ್ಟಲು ಕೊಟ್ಟ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಹಿಡಿಕೆ ಇಲ್ಲದ ಕಪ್ ಇಡುವುದಾದರೆ ದಪ್ಪ ಗೋಡೆ, ಎತ್ತರದ ಪಾದ, ಹೊರಬಾಗಿದ ಅಂಚು ಇರುವುದನ್ನು ನೋಡಿ, ಮುಕ್ಕಾಲು ಮಾತ್ರ ತುಂಬಿಸಿ.

ಸೀಸದ ಮಾತು

ಕಪ್ಪುಗಳನ್ನು ಹೋಟೆಲಿನಿಂದ ತೆಗೆದ ಮೇಲೆ ವಿಷಯ ಮುಗಿಯಿತು ಎಂದುಕೊಂಡಿದ್ದೆ. ಒಂದು ದಿನ ಊಟಕ್ಕೆ ಕುಳಿತಾಗ ನೋಡುತ್ತೇನೆ, ಅದೇ ಲಾಟಿನ ಎರಡು ಕಪ್ಪುಗಳಲ್ಲಿ ಮನೆಯವಳು ನಿಂಬೆ ಉಪ್ಪಿನಕಾಯಿ ಹಾಕಿಟ್ಟಿದ್ದಾಳೆ. ಚೆಂದವಾಗಿದೆ, ಬಿಸಾಡುವುದೇಕೆ ಎಂದು ಎತ್ತಿಟ್ಟುಕೊಂಡಿದ್ದಳಂತೆ. ಆಗ ಸೊಸೆ ಐದು ತಿಂಗಳ ಗರ್ಭಿಣಿ. ಹುಳಿ ಬೇಕು ಎಂದು ಮೂರು ಹೊತ್ತೂ ಅದನ್ನೇ ಹಾಕಿಸಿಕೊಳ್ಳುತ್ತಿದ್ದಳು.

ಸೀಸ ಹಾಕಿದರೆ ಮೆರುಗು ಕಡಿಮೆ ಶಾಖದಲ್ಲಿ ಕರಗುತ್ತದೆ, ಹೊಳಪು ಚೆನ್ನಾಗಿ ಬರುತ್ತದೆ, ಬಣ್ಣ ಎದ್ದು ಕಾಣುತ್ತದೆ. ಪ್ರಪಂಚದ ಎಲ್ಲ ಕಡೆ ಶತಮಾನಗಳ ಕಾಲ ಬಳಸಿದ್ದಾರೆ. ಸರಿಯಾಗಿ ಬೆಸೆಯದಿದ್ದರೆ ಹುಳಿ ಅದನ್ನು ಹೊರಗೆ ಎಳೆಯುತ್ತದೆ. ಕೆಂಪು, ಕಿತ್ತಳೆ, ಗಾಢ ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುವ ಸಾಧ್ಯತೆಯೂ ಇದೆ. ನಮ್ಮ ಅಡುಗೆಯಲ್ಲಿ ಹುಳಿ ಇಲ್ಲದ್ದು ಯಾವುದು ಹೇಳಿ? ಸಾರು, ಸಾಂಬಾರು, ನಿಂಬೆ ಚಹಾ, ಮೊಸರು, ಉಪ್ಪಿನಕಾಯಿ. ಸೀಸ ದೇಹಕ್ಕೆ ಎಷ್ಟು ಕಡಿಮೆ ಹೋದರೂ ಸುರಕ್ಷಿತ ಎಂಬ ಮಟ್ಟ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿಯಿಂದ ಹೊಟ್ಟೆಯ ಮಗುವಿಗೂ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು.

ಸೊಸೆಯ ರಕ್ತ ಪರೀಕ್ಷೆ ಮಾಡಿಸಿದೆವು. ದೇವರ ದಯೆ, ಡಾಕ್ಟರು ಹೆದರಬೇಕಾದ್ದಿಲ್ಲ ಎಂದರು. ಕಪ್ಪನ್ನು ಪ್ರಯೋಗಾಲಯಕ್ಕೆ ಕೊಟ್ಟೆ. ಅಂತಾರಾಷ್ಟ್ರೀಯ ಪದ್ಧತಿ ಹೀಗಿದೆ: ಕಪ್ಪಿನಲ್ಲಿ ಶೇಕಡಾ 4ರ ಅಸಿಟಿಕ್ ಆಮ್ಲ, ಅಂದರೆ ಹೆಚ್ಚುಕಡಿಮೆ ವಿನೆಗರ್ ಹುಳಿಯಷ್ಟು, 24 ಗಂಟೆ ನಿಲ್ಲಿಸಿ, ಅದಕ್ಕೆ ಎಷ್ಟು ಸೀಸ, ಕ್ಯಾಡ್ಮಿಯಂ ಬಿಟ್ಟಿತು ಎಂದು ಅಳೆಯುತ್ತಾರೆ. ನನ್ನ ಹೂವಿನ ಕಪ್ಪು ಸೀಸ ಬಿಟ್ಟಿತ್ತು. ಉಳಿದ ಕಪ್ಪುಗಳನ್ನು ಯಾರಿಗೂ ಕೊಡದೆ, ಮಾರದೆ, ಸುತ್ತಿಗೆಯಿಂದ ಒಡೆದು ಹಾಕಿದೆ. ಕೆಲಸದ ಹುಡುಗರು ಮನೆಗೆ ಕೇಳಿದರು, ಕೊಡಲಿಲ್ಲ. ನಮ್ಮ ಗಿರಾಕಿಗೆ ಬೇಡವಾದದ್ದು ಅವರ ಮಕ್ಕಳಿಗೆ ಆದೀತೇ?

ಕೊಳ್ಳುವ ಮುನ್ನ ಏಳು ಪರೀಕ್ಷೆ

1. ಒಂದು ಕಪ್ ಮಾತ್ರ ಕೊಂಡು ತನ್ನಿ, ಒಡೆಯಿರಿ. ಒಡೆದ ಅಂಚಿಗೆ ಇಂಕ್ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ. ಇಂಕ್ ಹೋದರೆ ಮಣ್ಣು ಕಲ್ಲಾಗಿದೆ. ಕಲೆ ಹರಡಿ ನಿಂತರೆ ಸರಿಯಾಗಿ ಬೆಂದಿಲ್ಲ.

2. ಚೆನ್ನಾಗಿ ಒಣಗಿದ ಒಡೆದ ಚೂರುಗಳನ್ನು ತೂಗಿ, ಎರಡು ಗಂಟೆ ಕುದಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಟ್ಟು, ಒರೆಸಿ ಮತ್ತೆ ತೂಗಿ. 200 ಗ್ರಾಂ ಇದ್ದದ್ದು 201 ಆದರೆ ಅರ್ಧ ಪರ್ಸೆಂಟ್, ಅದು ಪಿಂಗಾಣಿಯ ದರ್ಜೆ. 203-204 ಆದರೂ ನಡೆಯುತ್ತದೆ. 210 ದಾಟಿದರೆ ಬೇಡ.

3. ಬೆರಳ ಗೆಣ್ಣಿನಿಂದ ತಟ್ಟಿ. ತೆಂಗಿನಕಾಯಿ ಆರಿಸಿದವರಿಗೆ ಹೇಳಿಕೊಡಬೇಕಾಗಿಲ್ಲ. ಟಣ್ ಎನ್ನಬೇಕು. ಒಡಕು ಸದ್ದು ಬಂದರೆ ಒಳಗೆ ಬಿರುಕಿದೆ.

4. ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು, ತೊಟ್ಟಿಯಲ್ಲಿ ಇರಿಸಿ, ದೂರ ನಿಂತು ಕುದಿನೀರು ಹಾಕಿ. ಮೂರು ಸಲ ಮಾಡಿ ಬೆಳಕಿಗೆ ಹಿಡಿದು ನೋಡಿ. ಮುಂದೆ ಬರಬೇಕಾದ ಕೂದಲು ಗೆರೆ ಈಗಲೇ ಬರುತ್ತದೆ.

5. ಒಳಗೆ ಅರ್ಧ ನಿಂಬೆಹಣ್ಣು ಕವುಚಿ ರಾತ್ರಿಯಿಡೀ ಬಿಡಿ. ಹೊಳಪು ಮಾಸಿದರೆ, ಬಣ್ಣ ತಿಳಿಯಾದರೆ ಆ ಮೆರುಗು ಹುಳಿಗೆ ನಿಲ್ಲುವುದಿಲ್ಲ. ಆದರೆ ಮಾಸದಿದ್ದ ಮಾತ್ರಕ್ಕೆ ಸೀಸ ಇಲ್ಲ ಎಂದು ತಿಳಿಯಬೇಡಿ. ಅದಕ್ಕೆ ಪ್ರಯೋಗಾಲಯವೇ ಗತಿ.

6. ಪಾದ ಮುಟ್ಟಿ ನೋಡಿ. ಆವಿಗೆಯ ಹಲಗೆಗೆ ಅಂಟದಿರಲಿ ಎಂದು ಪಾದಕ್ಕೆ ಮೆರುಗು ಹಚ್ಚುವುದಿಲ್ಲ. ಅದು ಒರಟಾಗಿದ್ದರೆ ಮೇಜು ಗೀರುತ್ತದೆ, ಒಂದರೊಳಗೊಂದು ಇಟ್ಟರೆ ಕೆಳಗಿನ ಕಪ್ಪಿನ ಮೆರುಗನ್ನೇ ಕೆರೆಯುತ್ತದೆ. ಉಜ್ಜಿ ನಯ ಮಾಡಿ ಕೊಡಲು ಹೇಳಿ.

7. ಚಿತ್ರ, ಬಣ್ಣ ಏನಿದ್ದರೂ ಹೊರಗಿರಲಿ, ತುಟಿ ತಾಗುವ ಅಂಚಿನಿಂದ ಕೆಳಗಿರಲಿ. ಒಳಭಾಗ ಒಂದೇ ಬಣ್ಣ, ಬಿಳಿ ಅಥವಾ ಕೆನೆ ಬಣ್ಣ ಇರಲಿ. ದೊಡ್ಡ ಆರ್ಡರ್ ಕೊಡುವಾಗ ಸೀಸ, ಕ್ಯಾಡ್ಮಿಯಂ ಪರೀಕ್ಷೆಯ ವರದಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಆಹಾರಕ್ಕೆ ತಾಗುವ ಪಾತ್ರೆ ವಿಷರಹಿತವಾಗಿರಬೇಕು, ಸುಲಭವಾಗಿ ಸ್ವಚ್ಛವಾಗುವಂತಿರಬೇಕು ಎಂದು 2011ರ ಆಹಾರ ಸುರಕ್ಷತಾ ಲೈಸೆನ್ಸ್ ನಿಯಮಗಳಲ್ಲೇ ಇದೆ. ನಾಳೆ ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದವರು ನಾವು, ಕಪ್ ಮಾರಿದವನಲ್ಲ.

ಎಲ್ಲಿ ಕೊಳ್ಳುವುದು, ಹೇಗೆ ಬಳಸುವುದು

ದಿಲ್ಲಿಯವರಿಗೆ ಖುರ್ಜಾ ಹತ್ತಿರ. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಈ ಊರಿನ ಕುಂಬಾರಿಕೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯ ಶಾಖೆಯೂ ಅಲ್ಲಿದೆ. ಎಲ್ಲ ಊರಿನಂತೆ ಅಲ್ಲಿಯೂ ಒಳ್ಳೆಯ ಮಾಲೂ ಇದೆ, ಸೆಕೆಂಡ್ಸ್ ಮಾಲೂ ಇದೆ. ಅಂಗಡಿಯಲ್ಲಿ ನಿಲ್ಲದೆ ಆವಿಗೆಯವರೆಗೆ ಹೋಗಿ, ಎಷ್ಟು ಡಿಗ್ರಿಗೆ ಸುಡುತ್ತೀರಿ ಎಂದು ಕೇಳಿ. ಸರಿಯಾದ ಕುಂಬಾರ ಸಂತೋಷದಿಂದ ಹೇಳುತ್ತಾನೆ. ಊರಿನ ಕಡೆಯವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಕುಂಬಾರಿಕೆಗೆ ಹೆಸರಾದ ಜಾಗ. ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದು ಅಲ್ಲಿಯೇ.

ಬಳಸುವಾಗ ಬಿಸಿ ಕಪ್ಪನ್ನು ಕೂಡಲೇ ತಣ್ಣೀರಿಗೆ ಹಾಕಬಾರದು. ದಿಲ್ಲಿಯ ಜನವರಿ ಚಳಿಯಲ್ಲಂತೂ ಬೆಳಿಗ್ಗೆ ಮೊದಲು ಬಿಸಿನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿ, ಆಮೇಲೆ ಚಹಾ ಹಾಕಿ. ತಂತಿ ಬ್ರಶ್ ಬೇಡ. ಚಹಾ ಕಲೆಗೆ ಅಡುಗೆ ಸೋಡಾ ಹಚ್ಚಿ ಉಜ್ಜಿ. ಹೋದರೆ ಅದು ಮೇಲಿನ ಕಲೆ. ಹೋಗದಿದ್ದರೆ ಸೀಳಿನೊಳಗಿನ ಕಲೆ, ಆ ಕಪ್ಪನ್ನು ತೆಗೆದುಬಿಡಿ. ಅಂಚು ಚಕ್ಕೆ ಎದ್ದ ಕಪ್ ತುಟಿ ಕೊಯ್ಯುತ್ತದೆ, ಅದನ್ನೂ ತೆಗೆಯಿರಿ. ನಮ್ಮಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲ ಕಪ್ಪುಗಳನ್ನೂ ಬೆಳಕಿಗೆ ಹಿಡಿದು ನೋಡುವ ಕೆಲಸವನ್ನು ಒಬ್ಬ ಹುಡುಗನಿಗೆ ವಹಿಸಿದ್ದೇನೆ. ಅರ್ಧ ಗಂಟೆಯ ಕೆಲಸ.

ಕೊನೆಗೆ ನಾನು ಮಾಡಿದ್ದು ಇಷ್ಟು. ಗದ್ದಲದ ಹೊತ್ತಿಗೆ ಸಾದಾ ಬಿಳಿ ಪಿಂಗಾಣಿ ಕಪ್ ಮತ್ತು ಸ್ಟೀಲ್ ಲೋಟ. ಮಧ್ಯಾಹ್ನ ಮೂರರಿಂದ ಐದರವರೆಗೆ ಪುಸ್ತಕ ಹಿಡಿದು ನಿಧಾನ ಕುಳಿತುಕೊಳ್ಳುವವರಿಗೆ ಕೈಯಲ್ಲಿ ಮಾಡಿದ, 1200 ಡಿಗ್ರಿಯ ಮೇಲೆ ಸುಟ್ಟ, ಒಳಗೆ ಕೆನೆ ಬಣ್ಣದ 4 ಡಜನ್ ಕಪ್. ಒಂದೊಂದಕ್ಕೆ ಹಳೆಯ ನೀಲಿ ಕಪ್ಪಿನ ಐದು ಪಟ್ಟು ಕೊಟ್ಟೆ. ಒಂದೂವರೆ ವರ್ಷದಲ್ಲಿ ಏಳು ಒಡೆದಿವೆ, ಒಂದೂ ಸೀಳಿಲ್ಲ. ಹಳೆಯ 12 ಡಜನ್ ಮೂರು ತಿಂಗಳೂ ಬಾಳಲಿಲ್ಲ. ಅಗ್ಗ ಯಾವುದು, ದುಬಾರಿ ಯಾವುದು ನೀವೇ ಲೆಕ್ಕ ಹಾಕಿ.

ಕೂದಲಿದೆ ಎಂದ ಆ ಹುಡುಗಿ ಈಗಲೂ ಬರುತ್ತಾಳೆ. ಮೊದಲ ದಿನ ಹೊಸ ಕಪ್ಪನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿಯೇ ಕುಡಿದಳು. ನನಗೆ ಬೇಸರವಾಗಲಿಲ್ಲ. ನಾನು ಕೊಳ್ಳುವಾಗ ಮಾಡಬೇಕಾಗಿದ್ದ ಕೆಲಸವನ್ನು ಅವಳು ಮಾಡುತ್ತಿದ್ದಳು.